ಹಾಡಿನ ಕಣಜಕ್ಕೊಂದು ಕಾಪು



ಹೊರನಾಡಿಗೆ ಹೊರಟ ಕನ್ನಡಿಗರ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಉಪ್ಪಿನಕಾಯಿಗಳ ಜೊತೆಗೆ ತಪ್ಪದೆ ಬಂದದ್ದು ಹಾಡು. ಮೊದಲು ಬಂದವರು ಧ್ವನಿಸುರುಳಿಗಳನ್ನು ತಂದರು, ಆಮೇಲಿನವರು ಸಿಡಿಗಳನ್ನು ತಂದರು, ಈಚಿನವರು ಬೆರಳುದ್ದದ ಪೆನ್ ಡ್ರೈವ್ ತಂದರು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಹೊರಬಂದ ಮೇಲೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರ ಭಾವಗೀತೆಗಳು ಮನೆಮನೆಯ ಸೊತ್ತಾದವು. ಇಂದು ಸಿಡ್ನಿ, ಮೆಲ್ಬರ್ನ್‌ಗಳ ಅನೇಕ ಮನೆಗಳಲ್ಲಿ ಅವೆಲ್ಲ ಗಣಕದ ಕಡತಗಳಾಗಿ ಒಂದು ಹಾರ್ಡ್ ಡಿಸ್ಕ್‌ನೊಳಗೆ ಕುಳಿತಿವೆ. ಆ ‘ಒಂದು’ ಎಂಬ ಪದವೇ ನಮ್ಮ ಆತಂಕಕ್ಕೆ ಕಾರಣ. ಹಾರ್ಡ್ ಡಿಸ್ಕ್ ಎಂದಾದರೊಂದು ದಿನ ಕೆಡುತ್ತದೆ; ಯಾವ ದಿನವೆಂಬುದಷ್ಟೇ ತಿಳಿಯದು.

ದೊಡ್ಡ ಕಂಪನಿಗಳ ಬಳಿ ಎಲ್ಲವೂ ಇದೆಯಲ್ಲ, ಬೇಕಾದಾಗ ಅಂತರಜಾಲದಲ್ಲಿ ಕೇಳಿದರಾಯಿತು ಎನ್ನುವವರುಂಟು. ಈ ನಂಬಿಕೆಗೆ ಆಧಾರ ಸಾಲದು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಅಪಾರ ಪ್ರಮಾಣದ ಮೂಲ ಧ್ವನಿಮುದ್ರಣಗಳು ಸುಟ್ಟುಹೋದವು; ಆ ನಷ್ಟದ ವ್ಯಾಪ್ತಿ ಜನರಿಗೆ ತಿಳಿದದ್ದು 2019ರಲ್ಲಿ. ಅದೇ 2019ರಲ್ಲಿ, ಸರ್ವರ್ ಬದಲಾಯಿಸುವಾಗ ಹನ್ನೆರಡು ವರ್ಷಗಳ ಕಾಲ ಬಳಕೆದಾರರು ಸೇರಿಸಿದ್ದ ಹಾಡುಗಳು ಕಳೆದುಹೋದವೆಂದು ಮೈಸ್ಪೇಸ್ ಒಪ್ಪಿಕೊಂಡಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ಬಾಗಿಲು ಹಾಕಿತು. ಅಲ್ಲಿ ತಮ್ಮ ಸಂಗ್ರಹವನ್ನು ಇಟ್ಟವರು ಗಡುವಿನೊಳಗೆ ಬೇರೆಡೆಗೆ ಸಾಗಿಸಬೇಕಾಯಿತು. ಚಂದಾ ಕಟ್ಟಿ ಕೇಳುವ ಹಾಡು ಬಾಡಿಗೆ ಮನೆಯಿದ್ದಂತೆ. ಒಪ್ಪಂದ ಮುಗಿದ ದಿನ ಅದು ನಮ್ಮದಲ್ಲ.

ಇನ್ನು ಮನೆಯೊಳಗಿನ ಮಾತು. ಎರಡು ಡಿಸ್ಕ್‌ಗಳಲ್ಲಿ ನಕಲು ಮಾಡಿ ಒಂದೇ ಕಪಾಟಿನಲ್ಲಿಟ್ಟರೆ ಸಾಕೆಂದು ಹಲವರು ತಿಳಿದಿದ್ದಾರೆ. 2014ರ ನವೆಂಬರ್ 25ರ ನಸುಕಿನಲ್ಲಿ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನ ಲಕ್ರಾಸ್ ಕಟ್ಟಡದಲ್ಲಿ ನಡೆದುದನ್ನು ಅವರು ನೆನೆಯಬೇಕು. ಎಂಟನೆಯ ಮಹಡಿಯ ಬಾಲ್ಕನಿಯೊಂದರಲ್ಲಿ ಸಿಗರೇಟಿನಿಂದ ಹೊತ್ತಿದ ಕಿಡಿ, ಹೊರಗೋಡೆಯ ಹೊದಿಕೆಯನ್ನು ಹಿಡಿದು ನಿಮಿಷಗಳಲ್ಲಿ ಇಪ್ಪತ್ತೊಂದನೆಯ ಮಹಡಿಯವರೆಗೂ ಏರಿತು. ನಾನೂರಕ್ಕೂ ಹೆಚ್ಚು ನಿವಾಸಿಗಳು ಉಟ್ಟ ಬಟ್ಟೆಯಲ್ಲೇ ಇಳಿದು ಬಂದರು. ಪ್ರಾಣಹಾನಿಯಾಗಲಿಲ್ಲವೆಂಬುದು ದೊಡ್ಡ ಸಮಾಧಾನ. ಆದರೆ ಬೆಂಕಿ ಮುಟ್ಟದ ಮನೆಗಳಿಗೂ ಸ್ಪ್ರಿಂಕ್ಲರ್ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಒಂದೇ ಕಪಾಟಿನ ಎರಡು ಪ್ರತಿಗಳು ಲೆಕ್ಕಕ್ಕೆ ಒಂದೇ. ಒಂದೇ ಪೆಟ್ಟಿಗೆಯಲ್ಲಿ ಹಲವು ಡಿಸ್ಕ್ ಜೋಡಿಸುವ ರೈಡ್ ವ್ಯವಸ್ಥೆಗೂ ಇದೇ ಮಾತು ಸಲ್ಲುತ್ತದೆ: ಒಂದು ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ, ಕಳ್ಳತನ, ಬೆಂಕಿ ಅಥವಾ ಕೈತಪ್ಪಿ ಅಳಿಸುವಿಕೆಯಿಂದ ಕಾಯದು. ತಾನಾಗಿ ಸರಿಹೊಂದಿಸುವ ಸಿಂಕ್ ಸೌಲಭ್ಯವೂ ಹಾಗೆಯೇ. ಇಲ್ಲಿ ಅಳಿಸಿದ್ದನ್ನು ಅದು ಅಲ್ಲಿಯೂ ವಿಧೇಯವಾಗಿ ಅಳಿಸುತ್ತದೆ.

ಬಲ್ಲವರು ಹೇಳುವ ಸೂತ್ರ ಸರಳವಾದುದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಕನಿಷ್ಠ ಬೇರೆ ಮನೆಯಲ್ಲಿ. ವೆಚ್ಚದ ಭಯವೂ ಅನವಶ್ಯಕ. ಸಿಡಿ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಅರವತ್ತು ನಿಮಿಷದ ಇನ್ನೂರು ಧ್ವನಿಸುರುಳಿಗಳೆಂದರೆ ಹೆಚ್ಚುಕಡಿಮೆ 125 ಜಿಬಿ. ಗುಣ ಕುಗ್ಗಿಸದೆ ಅಡಕಗೊಳಿಸುವ ಫ್ಲ್ಯಾಕ್ ರೂಪದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ಸಾವಿರ ಸಿಡಿಗಳ ಸಂಗ್ರಹವೂ ಒಂದು ಟಿಬಿಯ ಸಣ್ಣ ಡಿಸ್ಕ್‌ನಲ್ಲಿ ಹಿಡಿಯುತ್ತದೆ.

ಆದರೂ ‘ಇಷ್ಟೊಂದನ್ನು ಯಾವಾಗ ಮಾಡುವುದು’ ಎಂಬ ಪ್ರಶ್ನೆಯಲ್ಲೇ ಅನೇಕರ ಉತ್ಸಾಹ ಸೋರಿಹೋಗುತ್ತದೆ. ವೈದ್ಯವೃತ್ತಿಯಲ್ಲಿರುವ ನಾವು ಇಲ್ಲಿ ನಮ್ಮ ಕಸುಬಿನಿಂದ ಒಂದು ಸಲಹೆಯನ್ನು ಕಡ ತರುತ್ತೇವೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ರೋಗಿಗಳನ್ನು ಬಂದ ಸಾಲಿನಂತೆ ನೋಡುವುದಿಲ್ಲ; ಯಾರ ಜೀವಕ್ಕೆ ಅಪಾಯ ಹೆಚ್ಚೋ ಅವರು ಮೊದಲು. ಹಾಡುಗಳನ್ನೂ ಹೀಗೆ ವಿಂಗಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಅಂಗಡಿಯಲ್ಲಿ ಮತ್ತೆ ಕೊಳ್ಳಬಹುದಾದ ಚಿತ್ರಗೀತೆ ಕಾಯಬಲ್ಲದು. ಮುದ್ರಣ ನಿಂತುಹೋದ ಧ್ವನಿಸುರುಳಿ ಅದಕ್ಕಿಂತ ಮುಂದೆ. ಎಲ್ಲಕ್ಕಿಂತ ಮುಂದೆ ಇರಬೇಕಾದುದು ಜಗತ್ತಿನಲ್ಲಿ ನಮ್ಮ ಮನೆಯಲ್ಲಿ ಮಾತ್ರ ಇರುವ ಧ್ವನಿ: ಅಜ್ಜಿ ಹೇಳಿದ ಸೋಬಾನೆ ಪದ, ಅಪ್ಪನ ದೇವರನಾಮ, ಮೂವತ್ತು ವರ್ಷದ ಹಿಂದೆ ಇಲ್ಲಿನ ರಾಜ್ಯೋತ್ಸವದಲ್ಲಿ ನಮ್ಮವರೇ ಹಾಡಿದ ಸಮೂಹಗೀತೆ. ಅವನ್ನು ಮತ್ತೆ ಮುದ್ರಿಸಲು ಹಾಡಿದವರೇ ಇಲ್ಲ.

ಇದು ಭಾವುಕತೆಯ ಮಾತಷ್ಟೇ ಅಲ್ಲ. ನಮ್ಮ ಹಿರಿಯರು ಈ ನೆಲದಲ್ಲೇ ಮುಪ್ಪನ್ನು ಕಾಣುತ್ತಿದ್ದಾರೆ. ಡಿಮೆನ್ಷಿಯಾ ಆವರಿಸಿದಾಗ ನಡುವಯಸ್ಸಿನಲ್ಲಿ ಕಲಿತ ಇಂಗ್ಲಿಷು ಮೊದಲು ಜಾರಿ, ತಾಯ್ನುಡಿ ಉಳಿಯುವುದುಂಟು. ಮಕ್ಕಳ ಹೆಸರು ಮರೆತವರೂ ಎಳವೆಯಲ್ಲಿ ಕೇಳಿದ ಹಾಡಿಗೆ ದನಿಗೂಡಿಸುವುದನ್ನು ವೈದ್ಯರು ಎಷ್ಟೋ ಮಂದಿಯಲ್ಲಿ ಕಂಡಿದ್ದಾರೆ. ಅಂದು ಬೇಕಾಗುವ ಹಾಡು ಯಾವುದೆಂದು ಇಂದೇ ಬಲ್ಲವರು ಮನೆಯವರು ಮಾತ್ರ.

ಧ್ವನಿಸುರುಳಿ ಇನ್ನೂ ಅಟ್ಟದ ಮೇಲಿದ್ದರೆ ತಡ ಸಲ್ಲದು. ಕ್ಯಾನ್‌ಬೆರಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು, 2025ರೊಳಗೆ ಡಿಜಿಟಲ್ ರೂಪಕ್ಕೆ ಬಾರದ ಕಾಂತೀಯ ಸುರುಳಿಗಳ ಬಹುಪಾಲು ನಷ್ಟವಾಗುವುದೆಂದು 2015ರಲ್ಲೇ ಎಚ್ಚರಿಸಿತ್ತು. ಸುರುಳಿ ಸವೆಯುವುದೊಂದು ಕಾರಣ. ಅದನ್ನು ನುಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಇಲ್ಲವಾಗುತ್ತಿರುವುದು ಇನ್ನೊಂದು. ಕಾನೂನಿನ ಅಳುಕೂ ಬೇಡ. ಹಣ ಕೊಟ್ಟು ಕೊಂಡ ಧ್ವನಿಮುದ್ರಣವನ್ನು ಸ್ವಂತ, ಮನೆಯ ಬಳಕೆಗಾಗಿ ಬೇರೆ ರೂಪಕ್ಕೆ ನಕಲಿಸಿಕೊಳ್ಳಲು ಆಸ್ಟ್ರೇಲಿಯಾದ ಕೃತಿಸ್ವಾಮ್ಯ ಕಾಯಿದೆ 2006ರ ತಿದ್ದುಪಡಿಯಿಂದ ಅವಕಾಶ ಕೊಟ್ಟಿದೆ. ನಕಲನ್ನು ಮಾರುವಂತಿಲ್ಲ, ಊರಿಗೆಲ್ಲ ಹಂಚುವಂತಿಲ್ಲ. ಮೂಲವನ್ನು ಕೈಬಿಡುವಂತೆಯೂ ಇಲ್ಲ.

ಹೆಸರಿಲ್ಲದ ಹಾಡು ಉಳಿದೂ ಅಳಿದಂತೆ. ‘ಟ್ರ್ಯಾಕ್ 07’ ಎಂಬ ಕಡತವನ್ನು ನಾಳೆ ಯಾರು ಗುರುತಿಸಿಯಾರು? ಹಾಡು, ಕವಿ, ಗಾಯಕರು, ವರ್ಷ ಇವನ್ನು ಕಡತದೊಳಗೇ ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ. ಹಳೆಯ ಕನ್ನಡ ಫಾಂಟುಗಳಲ್ಲಿ ಬರೆದಿಟ್ಟ ಪಟ್ಟಿಗಳು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುವುದು ಹಲವರ ಅನುಭವ. ಹಾಗೆಯೇ ವರ್ಷಕ್ಕೊಮ್ಮೆ, ಯುಗಾದಿಯ ದಿನವೆಂದೇ ಇಟ್ಟುಕೊಳ್ಳಿ, ದೂರದ ಪ್ರತಿಯನ್ನು ತರಿಸಿ ಹತ್ತು ಹಾಡುಗಳನ್ನಾದರೂ ತೆರೆದು ಕೇಳಬೇಕು. ಫ್ಲ್ಯಾಕ್ ಕಡತದಲ್ಲಿ ಧ್ವನಿಯ ಗುರುತುಸಂಖ್ಯೆಯೊಂದು ಅಡಗಿರುವುದರಿಂದ, ಒಳಗೆ ಏನಾದರೂ ಕೆಟ್ಟಿದೆಯೇ ಎಂದು ತಂತ್ರಾಂಶವೇ ಹೇಳಬಲ್ಲದು. ತೆರೆದು ನೋಡದ ಬ್ಯಾಕಪ್ ಬರಿಯ ನಂಬಿಕೆ.

ಕೊನೆಯದಾಗಿ, ಯಾರೂ ಆಡಲು ಇಷ್ಟಪಡದ ಮಾತು. ಸಂಗ್ರಹಕಾರನೂ ಒಂದೇ ಪ್ರತಿ. ಯಾವ ಡಿಸ್ಕ್ ಎಲ್ಲಿದೆ, ಗುಪ್ತಪದ ಏನು ಎಂಬುದು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ, ಒಂದು ಪಾರ್ಶ್ವವಾಯು ಮೂರೂ ಪ್ರತಿಗಳನ್ನು ಒಟ್ಟಿಗೆ ಮುಚ್ಚಿಬಿಡಬಲ್ಲದು. ಒಂದು ಹಾಳೆಯಲ್ಲಿ ಬರೆದು, ಮಗಳಿಗೋ ಸೊಸೆಗೋ ತಮ್ಮನಿಗೋ ತೋರಿಸಿಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಯಾರಿಗೂ ಬೇಡ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿ ಸುಡುತ್ತದೆ, ಹುಳು ಹಿಡಿಯುತ್ತದೆ, ಒಂದೇ ಕಡೆಯಿದ್ದರೆ ಒಂದೇ ದಿನ ಹೋಗುತ್ತದೆ. ಹಲವೆಡೆ ಹರಡಿದ ಕೃತಿ ಉಳಿಯುತ್ತದೆ. ನಮಗೆ ಸಾವಿರ ಬೇಡ, ಮೂರು ಸಾಕು. ಸಿಡ್ನಿಯ ಒಂದು ಮನೆ, ಮೆಲ್ಬರ್ನ್‌ನ ಒಂದು ಮನೆ ಪರಸ್ಪರರ ಬೀಗ ಹಾಕಿದ ಡಿಸ್ಕ್ ಒಂದನ್ನು, ಕೇಳುವುದಕ್ಕಲ್ಲದೆ ಕಾಯುವುದಕ್ಕಾಗಿ, ಇಟ್ಟುಕೊಳ್ಳಲಿ. ನಮ್ಮ ಸಂಘಗಳು ಮುಂದಿನ ರಾಜ್ಯೋತ್ಸವದೊಳಗೆ ಇಂಥ ಜೋಡಿಗಳನ್ನು ಹೊಂದಿಸಿಕೊಡಲೆಂದೂ, ತಮ್ಮ ಹಳೆಯ ಕಾರ್ಯಕ್ರಮಗಳ ಧ್ವನಿಮುದ್ರಣಗಳಿಂದಲೇ ಈ ಕೆಲಸವನ್ನು ಆರಂಭಿಸಲೆಂದೂ ನಾವು ಕೋರುತ್ತೇವೆ.