ಶ್ರುತಿಯ ಸೂಕ್ಷ್ಮವೂ ಮಕ್ಕಳ ಕಿವಿಯೂ

ಶಿವಮೊಗ್ಗ, ಭದ್ರಾವತಿಗಳಲ್ಲಿ ಮಕ್ಕಳನ್ನು ಸಂಗೀತದ ಪಾಠಕ್ಕೆ ಕಳುಹಿಸುವ ಕುಟುಂಬಗಳು ಅನೇಕ. ಆದರೆ ನಾಲ್ಕಾರು ತಿಂಗಳು ಕಳೆಯುವುದರೊಳಗೆ “ಈ ಮಗುವಿಗೆ ಶ್ರುತಿಜ್ಞಾನವಿಲ್ಲ, ಪಾಠ ಬಿಡಿಸಿಬಿಡೋಣ” ಎಂಬ ತೀರ್ಪು ಹಿರಿಯರಿಂದ ಹೊರಡುವುದುಂಟು. ಇಂತಹ ತೀರ್ಪಿಗೆ ಮೊದಲು ಶ್ರುತಿಯೆಂದರೇನು, ಕಿವಿಯು ಅದನ್ನು ಅರಿಯುವ ಬಗೆ ಯಾವುದು ಎಂಬುದನ್ನು ನಾವು ವಿಚಾರಿಸಿ ನೋಡಬೇಕು.

ಹಾರ್ಮೋನಿಯಮ್ಮಿನಲ್ಲಿ ಒಂದು ಸ್ಥಾಯಿಗೆ 12 ಸ್ವರಸ್ಥಾನಗಳು. ಅವುಗಳ ನಡುವಣ ಅಂತರಗಳೆಲ್ಲ ಸಮ. ಅಂತಹ ಒಂದೊಂದು ಅಂತರವನ್ನೂ ಎರಡಾಗಿ ಸೀಳಿದರೆ ಪಾಶ್ಚಾತ್ಯರು ಹೇಳುವ ಕಾಲು ಸ್ವರವು ದೊರೆಯುತ್ತದೆ. ಸ್ಥಾಯಿಗೆ ಅವು 24. ಭರತಮುನಿಯ ನಾಟ್ಯಶಾಸ್ತ್ರದಲ್ಲಿಯಾದರೋ ಶ್ರುತಿಗಳು 22. ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕು. ರಿಷಭ, ಧೈವತಗಳಿಗೆ ಮೂರು ಮೂರು. ಗಾಂಧಾರ, ನಿಷಾದಗಳಿಗೆ ಎರಡೆರಡು. ಆದಕಾರಣ ಶ್ರುತಿಯೂ ಕಾಲು ಸ್ವರವೂ ಒಂದೇ ಎನ್ನಲಾಗದು. ಭರತನು ಇದಕ್ಕೆ ಹೇಳಿದ ಪರೀಕ್ಷೆಯೂ ಕಿವಿಯದೇ: ಎರಡು ವೀಣೆಗಳನ್ನು ಸಮವಾಗಿ ಶ್ರುತಿಮಾಡಿ, ಒಂದನ್ನು ಕದಲಿಸದೆ ಇಟ್ಟು, ಇನ್ನೊಂದನ್ನು ಹಂತಹಂತವಾಗಿ ಇಳಿಸಿ ಹೋಲಿಸುವುದು.

ಈ ಸೂಕ್ಷ್ಮವನ್ನು ಲೆಕ್ಕದಿಂದಲೂ ಕಾಣಬಹುದು. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಂಡರೆ ಶುದ್ಧವಾದ ಅಂತರ ಗಾಂಧಾರಕ್ಕೆ 300. ಸಮಾಂತರದ ಹಾರ್ಮೋನಿಯಮ್ಮಿನಲ್ಲಿ ಅದೇ ಗಾಂಧಾರಕ್ಕೆ ಸುಮಾರು 302.4. ಒಂದಾದ ಮೇಲೊಂದು ಕೇಳಿಸಿದರೆ ಪಳಗದ ಕಿವಿಗೆ ಭೇದವು ತಿಳಿಯದೆ ಹೋಗಬಹುದು. ಒಟ್ಟಿಗೆ ನುಡಿಸಿದರೆ ಮಾತ್ರ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸಲ ಏರಿಳಿಯುವ ಅಲೆಯೊಂದು ಏಳುತ್ತದೆ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿ ಆಲಿಸಿದರೆ ಆ ಶುದ್ಧ ಗಾಂಧಾರವು ಯಾರೂ ನುಡಿಸದೆಯೇ ಸಣ್ಣಗೆ ಕೇಳಿಬರುತ್ತದೆ. ಇದನ್ನೇ ಸ್ವಯಂಭೂ ಗಾಂಧಾರವೆನ್ನುತ್ತಾರೆ.

ಇನ್ನು ರಾಗಗಳಲ್ಲಿ ಸ್ವರವು ನಿಂತಲ್ಲಿ ನಿಲ್ಲುವುದಿಲ್ಲ. ತೋಡಿಗೂ ಖರಹರಪ್ರಿಯಕ್ಕೂ ಸಾಧಾರಣ ಗಾಂಧಾರವೇ ಇದ್ದರೂ, ಎರಡರಲ್ಲಿ ಅದರ ತೂಗುವಿಕೆಯು ಬೇರೆ ಬೇರೆ. ಹಾರ್ಮೋನಿಯಮ್ಮಿಗೆ ಈ ತೂಗುವಿಕೆ ಸಾಧ್ಯವಿಲ್ಲ. ಇಂತಹ ಆಕ್ಷೇಪಣೆಗಳಿಂದಲೇ 1940ರಲ್ಲಿ ಆಕಾಶವಾಣಿಯು ಆ ವಾದ್ಯವನ್ನು ನಿಷೇಧಿಸಿತು. 1965ರಲ್ಲಿ ಭದ್ರಾವತಿಯ ನಿಲಯವು ಆರಂಭವಾದಾಗಲೂ ನಿಷೇಧವಿದ್ದಿತು. 1971ರಲ್ಲಿ ಅದು ಸಡಿಲವಾಯಿತು. ಭಜನೆಗೆ ಹಾರ್ಮೋನಿಯಂ ಇರಲಿ. ಕಿವಿಯನ್ನು ತಿದ್ದುವುದಕ್ಕೆ ತಂಬೂರಿಯೇ ಮೇಲು.

ಹಾಗಾದರೆ ಮಗುವಿನ ಗತಿಯೇನು? ಕೇಳುವುದು ಬೇರೆ, ಹಾಡುವುದು ಬೇರೆ. ಕಿವಿಯು ಗ್ರಹಿಸಿದ್ದನ್ನು ಎಳೆಯ ಕಂಠವು ಕೂಡಲೆ ಒಪ್ಪಿಸಲಾರದು. ಸ್ವರಭೇದವು ಹುಟ್ಟಿನಿಂದಲೇ ತಿಳಿಯದವರು ಉಂಟು. ಆದರೆ ಅವರು ವಿರಳ. ಪರೀಕ್ಷೆ ಸುಲಭ. ತಂಬೂರಿಯ ನಡುವಿನ ಎರಡು ತಂತಿಗಳಲ್ಲಿ ಒಂದರ ಮಣಿಯನ್ನು ಕೊಂಚ ಸರಿಸಿ ಎರಡನ್ನೂ ಮೀಟಿರಿ. ಮೆಲ್ಲನೆ ಹಿಂದಕ್ಕೆ ತರುತ್ತ, ಅಲೆಯು ಎಲ್ಲಿ ಅಡಗಿತೆಂದು ಮಗುವನ್ನೇ ಕೇಳಿರಿ. ಅದು ಸರಿಯಾಗಿ ಹೇಳಿದರೆ ಕಿವಿಯಲ್ಲಿ ಕುಂದಿಲ್ಲ. ಕಂಠಕ್ಕೆ ಕಾಲಾವಕಾಶ ಬೇಕು, ಅಷ್ಟೆ. ಪ್ರತಿದಿನ ಹತ್ತು ನಿಮಿಷ ಷಡ್ಜವೊಂದನ್ನೇ ಶ್ರುತಿಯೊಡನೆ ಕೂಡಿಸಿ ಹಾಡಿಸಿರಿ. ಅನುಕೂಲವಾದಾಗ ತುಂಗಾತೀರದ ಹೊಸಹಳ್ಳಿಯ ಗಮಕಿಗಳ ಕಾವ್ಯವಾಚನಕ್ಕೆ ಕರೆದೊಯ್ಯಿರಿ. ಅಲ್ಲಿ ತಾಳವಾದ್ಯದ ಅಬ್ಬರವಿಲ್ಲದೆ ರಾಗವು ತಿಳಿಯಾಗಿ ಕಿವಿಗೆ ಬೀಳುತ್ತದೆ.

ಮಗುವು ಹಾಡುವಾಗ ನಗದಿರುವುದೂ ಹಿರಿಯರ ಹೊಣೆ. ಒಮ್ಮೆ ನಾಚಿ ಮುಚ್ಚಿದ ಬಾಯಿಯನ್ನು ತೆರೆಯಿಸುವುದು, ಸಡಿಲವಾದ ತಂತಿಯನ್ನು ಬಿಗಿಯುವಷ್ಟು ಸುಲಭವಲ್ಲ.