ಕ್ಯಾಥರಿನಾಳ ಕೈಗೆ ಚಾಕು ಕೊಟ್ಟವರು

ಟ್ರೇಸಿ ಶೆವಲಿಯರ್ 1999ರಲ್ಲಿ ಬರೆದ ‘ಗರ್ಲ್ ವಿತ್ ಎ ಪರ್ಲ್ ಇಯರ್‌ರಿಂಗ್’ ಕಾದಂಬರಿ ಓದಿದವರೆಲ್ಲ ಗ್ರೀಟ್ ಎಂಬ ಮನೆಗೆಲಸದ ಹುಡುಗಿಗಾಗಿ ಮರುಗುತ್ತಾರೆ. ಡಚ್ ಕಲಾವಿದ ವರ್ಮೀರ್‌ನ ಚಿತ್ರದಲ್ಲಿ ತಿರುಗಿ ನೋಡುವ ಆ ಮುಖ ಯಾರದೆಂದು ಯಾರಿಗೂ ಗೊತ್ತಿಲ್ಲ. ಗ್ರೀಟ್ ಲೇಖಕಿಯ ಕಲ್ಪನೆ. ಅದಕ್ಕೆ ತಕರಾರಿಲ್ಲ.

ಆದರೆ ವರ್ಮೀರ್‌ನ ಹೆಂಡತಿ ಕ್ಯಾಥರಿನಾ ಬೊಲ್ನೆಸ್ ಕಲ್ಪನೆಯಲ್ಲ. ಕಾದಂಬರಿಯಲ್ಲಿ ಅವಳು ಸಿಡುಕಿ, ಹೊಟ್ಟೆಕಿಚ್ಚಿನವಳು, ಗಂಡನ ಕಲೆಯ ಗಂಧವಿಲ್ಲದವಳು. ಕಥೆ ಹೇಳುವವಳು ಗ್ರೀಟ್, ಅವಳ ಕಣ್ಣಿಗೆ ಒಡತಿ ಹಾಗೇ ಕಾಣುತ್ತಾಳೆ ಅನ್ನಬಹುದು. ಓದುಗರಿಗೆ ಸಿಗುವುದೂ ಆ ಕಣ್ಣೊಂದೇ.

ಡೆಲ್ಫ್ಟ್‌ನ ದಾಖಲೆಗಳು ತೋರಿಸುವ ಹೆಂಗಸು ಬೇರೆ. 1675ರ ಡಿಸೆಂಬರಿನಲ್ಲಿ ವರ್ಮೀರ್ ಸತ್ತಾಗ ಅವಳ ಪಾಲಿಗೆ ಉಳಿದದ್ದು 11 ಮಕ್ಕಳು ಮತ್ತು ಸಾಲ. ಬ್ರೆಡ್ಡಿನ ಬಾಕಿಯೇ 600 ಗಿಲ್ಡರ್ ದಾಟಿತ್ತು. ಅದಕ್ಕೆ ಗಂಡನ ಎರಡು ಚಿತ್ರಗಳನ್ನು ಬೇಕರಿಯವನಿಗೆ ಒಪ್ಪಿಸಿದಳು, ಕಂತಿನಲ್ಲಿ ಬಾಕಿ ತೀರಿಸಿ ಬಿಡಿಸಿಕೊಳ್ಳುವ ಕರಾರಿನ ಮೇಲೆ. ‘ದಿ ಆರ್ಟ್ ಆಫ್ ಪೇಂಟಿಂಗ್’ ಚಿತ್ರವನ್ನು ಮಾರದೆ ತಾಯಿಯ ಹೆಸರಿಗೆ ಮಾಡಿದಳು. ಫ್ರಾನ್ಸಿನ ಜೊತೆಗಿನ ಯುದ್ಧದಿಂದ ಚಿತ್ರಗಳು ಮಾರಾಟವಾಗದೆ, ಆ ಚಿಂತೆಯಲ್ಲೇ ಗಂಡ ಒಂದೂವರೆ ದಿನದಲ್ಲಿ ತೀರಿಕೊಂಡನೆಂದು ಅರ್ಜಿಯಲ್ಲಿ ಹೇಳಿಕೊಂಡಳು.

ಇಷ್ಟು ಕಥೆ ಕಾಗದದಲ್ಲೇ ಇರುವಾಗ, ಕಾದಂಬರಿ ಅವಳ ಕೈಗೆ ಕೊಟ್ಟದ್ದು ಗಂಡನ ಚಿತ್ರವನ್ನೇ ಇರಿಯಹೊರಟ ಒಂದು ಚಾಕು.