ಬೆಕ್ಕಿನ ಬಟ್ಟಲದಾಗ ನೀರಿನ ಲೆಕ್ಕ

1/7

ಮೊದಲನೇ ಫೋಟೋ ನೋಡಿ ನಗಬ್ಯಾಡ್ರಿ. ಮರಳಿನ ಟ್ರೇನಾಗ ಗಂಭೀರವಾಗಿ ಕುಂತಾನಲ್ಲ, ಅವನೇ ನಮ್ಮ ಗುಂಡ್ಯಾ. ಹೋದ ಏಪ್ರಿಲ್‌ನಾಗ ಈ ಫೋಟೋ ತೆಗೆದಾಗ ನಾನೂ ನಕ್ಕಿದ್ದೆ. "ಸಾಹೇಬರು ಮೀಟಿಂಗ್‌ನಾಗ ಅದಾರ" ಅಂತ ಬರೆದು ಸ್ಟೋರಿ ಹಾಕಿದ್ದೆ. ನಿಮ್ಮಲ್ಲೇ ಎಷ್ಟೋ ಮಂದಿ ನಗೋ ಇಮೋಜಿ ಕಳಿಸಿದ್ರಿ.

ಅವನು ಮೀಟಿಂಗ್‌ನಾಗ ಇರಲಿಲ್ಲ. ಉಚ್ಚಿ ಹೊಯ್ಯಾಕ ತಿಣುಕತಿದ್ದ. ಒಂದು ಹನಿ ಬರತಿರಲಿಲ್ಲ.

ಅವ್ವ "ಹೊಟ್ಟಿ ಕಟ್ಟಿರಬೇಕು ಬಿಡು" ಅಂದ್ಲು. ನಾನೂ ಬಿಟ್ಟೆ. ರಾತ್ರಿಯೆಲ್ಲ ಟ್ರೇಗೆ ಹೋಗೋದು, ಕೂಗೋದು, ಬರೋದು. ಬೆಳಿಗ್ಗೆ ವಾಂತಿ ಮಾಡಿದ. ಹೊಟ್ಟಿ ಮುಟ್ಟಿದ್ರ ಕೆಳಗ ನಿಂಬಿಹಣ್ಣಿನಂಗ ಗಟ್ಟಿ ಗಂಟು. ತರಕಾರಿ ಬುಟ್ಟಿಯೊಳಗ ಕೂಡಿಸಿ, ಮ್ಯಾಲ ಟವೆಲ್ ಕಟ್ಟಿ, ಗದಗ ಬಸ್ ಹತ್ತಿದೆ. ಅಲ್ಲಿ ಡಾಕ್ಟರ್ರು ಅರವಳಿಕೆ ಕೊಟ್ಟು ಸಣ್ಣ ನಳಿಗೆ ಹಾಕಿ ಮೂತ್ರ ತೆಗೆದ್ರು. ರಕ್ತ ಕೂಡಿದ ಮೂತ್ರ. "ಇನ್ನೊಂದು ರಾತ್ರಿ ಕಾಯ್ದಿದ್ರ ಇವನು ಸಿಗತಿರಲಿಲ್ಲ" ಅಂದ್ರು.

ಆ ಸ್ಟೋರಿ ಡಿಲೀಟ್ ಮಾಡೀನಿ. ಫೋಟೋ ಮಾತ್ರ ಇಟ್ಟೀನಿ, ನಿಮಗ ತೋರಿಸಾಕ.

2/7

ಡಾಕ್ಟರ್ರ ಮೊದಲ ಪ್ರಶ್ನೆ: "ಏನು ತಿನ್ನಸ್ತೀ?"
ನಾನು ಹೆಮ್ಮೆಯಿಂದ ಹೇಳಿದೆ: "ಡ್ರೈ ಫುಡ್ ರೀ. ಮೂರು ವರ್ಷದಿಂದ ಅದೊಂದೇ."
ಎರಡನೇ ಪ್ರಶ್ನೆ: "ನೀರು ಎಷ್ಟು ಕುಡೀತಾನ?"
ಉತ್ತರ ನನ್ನ ಹತ್ರ ಇರಲಿಲ್ಲ.

ಬಿಕಾಂ ಓದೋ ಹುಡುಗ ನಾನು. ಚೀಲದ ರೇಟು, ಗ್ರಾಂ ಲೆಕ್ಕ, ಆಫರ್ ಎಲ್ಲಾ ಬಾಯಿಪಾಠ. ಬೆಕ್ಕಿನ ಮೈಯೊಳಗ ಹೋಗೋ ನೀರಿನ ಲೆಕ್ಕ ಮಾತ್ರ ಒಂದು ದಿನಾನೂ ಇಟ್ಟಿರಲಿಲ್ಲ.

ಡಾಕ್ಟರ್ರು ನ್ಯಾಯವಾಗಿ ಮಾತಾಡಿದ್ರು. ಒಣ ಆಹಾರ ಒಂದೇ ಕಾರಣ ಅಂತ ಹೇಳಾಕ ಬರಂಗಿಲ್ಲ. ಗಂಡು ಬೆಕ್ಕು, ಮೂತ್ರನಾಳ ಸಣ್ಣದು, ಮೈ ಬಂದೈತಿ, ದಿನವಿಡೀ ಮನಿಯೊಳಗ ಇರ್ತಾನ, ಗಾಬರಿ ಸ್ವಭಾವ, ಇವೆಲ್ಲಾ ಸೇರಿ ಆಗಿದ್ದು ಅಂದ್ರು. "ಆದ್ರ ಇದರಾಗ ನಿನ್ನ ಕೈಯಾಗ ಇರೋದು ಒಂದೈತಿ. ನೀರು."

ಈ ಸರಣಿ ಬರಿಯಾಕತ್ತಿದ್ದು ಆ ಒಂದು ಮಾತಿಗಾಗಿ.

3/7

ಈಗ ಲೆಕ್ಕ. ಎರಡನೇ ಫೋಟೋದಾಗ ನನ್ನ ನೋಟ್‌ಬುಕ್ಕಿನ ಹಾಳಿ ಐತಿ, ಅಕ್ಷರಕ್ಕ ನಗಬಹುದು.

ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕ ಸುಮಾರು 200 ಮಿಲಿ ನೀರು ಬೇಕು, ಆಹಾರದ ನೀರೂ ಸೇರಿ. ಡ್ರೈ ಫುಡ್‌ನಾಗ ನೀರಿನ ಅಂಶ ಶೇ. 10ರ ಆಸುಪಾಸು ಅಥವಾ ಅದಕ್ಕೂ ಕಮ್ಮಿ. ದಿನಕ್ಕ 55 ಗ್ರಾಂ ತಿಂದ್ರ ಆಹಾರದಿಂದ ಸಿಗೋ ನೀರು ಹೆಚ್ಚಂದ್ರ 5 ಮಿಲಿ, ಅಂದ್ರ ಒಂದು ಚಮಚ. ವೆಟ್ ಫುಡ್‌ನಾಗ ನೀರು ಶೇ. 75ರಿಂದ 80. ಅಷ್ಟೇ ಕ್ಯಾಲೊರಿಗೆ 85 ಗ್ರಾಮಿನ ಮೂರು ಪೌಚ್ ಬೇಕು. ಅದರಾಗ ನೀರೇ 190ರಿಂದ 200 ಮಿಲಿ. ಒಂದು ಕಡೆ ಒಂದು ಚಮಚ, ಇನ್ನೊಂದು ಕಡೆ ಒಂದು ಗ್ಲಾಸು.

"ಕಮ್ಮಿ ಬಿದ್ರ ಬಟ್ಟಲದಾಗ ಕುಡೀತಾವಲ್ಲ?" ಅಂತೀರಿ. ಕುಡೀತಾವ, ಆದ್ರ ಪೂರ್ತಿ ತುಂಬಿಸಿಕೊಳ್ಳಂಗಿಲ್ಲ. ಬೆಕ್ಕಿನ ಮೂಲ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಒಣ ನಾಡಿನ ಕಾಡುಬೆಕ್ಕು. ಸೈಪ್ರಸ್ ದ್ವೀಪದಾಗ ಮನುಷ್ಯನ ಪಕ್ಕದಾಗೇ ಹೂಳಿದ ಬೆಕ್ಕಿನ ಅಸ್ಥಿ ಸಿಕ್ಕೈತಿ, ಸುಮಾರು 9,500 ವರ್ಷ ಹಿಂದಿಂದು. ಇಷ್ಟು ವರ್ಷ ನಮ್ಮ ಕೂಡ ಬದುಕಿದ್ರೂ ಅದರ ಮೈ ಬದಲಾಗಿಲ್ಲ: ಬೇಟೆಯೊಳಗಿನ ನೀರೇ ಅದರ ನೀರು, ಬಾಯಾರಿಕೆ ಕಮ್ಮಿ, ಮೂತ್ರ ಗಟ್ಟಿ. ಇಲಿ ಮೈಯಾಗ ಸುಮಾರು ಮೂರನೇ ಎರಡು ಪಾಲು ನೀರೇ. ಅಂದ್ರ ಇಲಿ ಅನ್ನೋದು ದೇವರು ಕೊಟ್ಟ ವೆಟ್ ಫುಡ್.

4/7

ಈಗ ನನಗ ಬರೋ ವಾದಗಳು. ಒಂದೊಂದಾಗಿ ಬರ್ರಿ.

"ಡ್ರೈ ತಿಂದ್ರ ಹಲ್ಲು ಸ್ವಚ್ಛ ಆಗತಾವ." ಅಂಗಡಿಯವರು ಹೇಳಿದ್ದು, ನಾನು ಮೂರು ವರ್ಷ ನಂಬಿದ್ದು. ಶೇಂಗಾ ಚಿಕ್ಕಿ ತಿಂದು ಯಾರ ಹಲ್ಲು ಸ್ವಚ್ಛ ಆಗ್ಯಾವ, ಹೇಳ್ರಿ? ಸಾಮಾನ್ಯ ಕಾಳು ಹಲ್ಲಿನ ತುದಿ ತಾಗಿದ ಕೂಡಲೇ ಪುಡಿಯಾಗತೈತಿ, ಬುಡಕ್ಕ ಮುಟ್ಟಂಗಿಲ್ಲ. ಹಲ್ಲಿಗಂತಲೇ ಮಾಡಿದ ದೊಡ್ಡ ಕಾಳಿನ ಆಹಾರ ಬ್ಯಾರೆ ಐತಿ, ಅದರ ಮಾತು ಬ್ಯಾರೆ.

"ನಮ್ಮ ಆಯಿ ಕಾಲದ ಬೆಕ್ಕು ರೊಟ್ಟಿ ಹಾಲು ತಿಂದು ಹದಿನೈದು ವರ್ಷ ಬದುಕಿತ್ತು." ಇದು ನಮ್ಮ ನರೇಗಲ್ಲಿನ ಅಚ್ಚುಮೆಚ್ಚಿನ ವಾದ. ಆ ಬೆಕ್ಕು ಹಗಲು ನಿಮ್ಮ ಆಯಿ ಕೈಯಾಗ ರೊಟ್ಟಿ ತಿಂತಿತ್ತು, ಖರೆ. ರಾತ್ರಿ ಜೋಳದ ಚೀಲದ ಸಂದ್ಯಾಗ ಏನು ತಿಂತಿತ್ತು? ಲೆಕ್ಕದಾಗ ಬರೀ ರೊಟ್ಟಿ ಬರದೀರಿ, ಇಲಿ ಬರದಿಲ್ಲ. ಅಕೌಂಟ್ಸ್ ಮೇಡಂ ಇದಕ್ಕ ಪಾಸ್ ಮಾಡಂಗಿಲ್ಲ. ಬೆಕ್ಕಿಗೆ ಟಾರಿನ್ ಅನ್ನೋ ಅಂಶ ಬೇಕೇ ಬೇಕು, ಅದು ಮಾಂಸದಾಗ ಸಿಗತೈತಿ, ಜೋಳದಾಗ ಇಲ್ಲ. ಅದು ಕಮ್ಮಿ ಬಿದ್ರ ಕಣ್ಣು ಹೋಗತಾವ, ಹೃದಯ ಸೋಲತೈತಿ. ಹೃದಯದ ಸಂಬಂಧ 1987ರಾಗ ಗೊತ್ತಾಯಿತು. ಹಾಲು ಬಹಳ ದೊಡ್ಡ ಬೆಕ್ಕುಗಳಿಗೆ ಜೀರ್ಣ ಆಗಂಗಿಲ್ಲ, ಭೇದಿ ಹಿಡೀತೈತಿ; ಇದ್ದ ನೀರೂ ಹೋಗತೈತಿ. ಈಗಿನ ಬೆಕ್ಕು ಆರ್‌ಸಿಸಿ ಮನಿಯೊಳಗ, ಬಾಗಿಲು ಹಾಕಿದ ಹಾಲ್‌ನಾಗ. ಅದಕ್ಕ ಇಲಿ ಎಲ್ಲಿಂದ ತರೂನು?

"ಅವನಿಗೆ ಡ್ರೈನೇ ಇಷ್ಟ." ನನಗೂ ಮಿರ್ಚಿ ಭಜಿನೇ ಇಷ್ಟ. ದಿನಾ ಮೂರು ಹೊತ್ತು ಅವ್ವ ಹಾಕತಾಳೇನು?

5/7

ಈಗ ಆ ಕಡೆಯವರಿಗೂ ಒಂದು ಮಾತು. ಬೆಂಗಳೂರಿನ ಎಸಿ ರೂಮಿನಾಗ ಕುಂತು "ಡ್ರೈ ಫುಡ್ ಅಂದ್ರ ವಿಷ, ಅದನ್ನ ಹಾಕೋರು ಬೆಕ್ಕು ಸಾಕಬ್ಯಾಡ್ರಿ" ಅಂತ ರೀಲ್ ಮಾಡತೀರಲ್ಲ, ನಿಮ್ಮ ಮಾತೂ ಸುಳ್ಳು.

ಒಳ್ಳೆ ಡ್ರೈ ಫುಡ್ ಸಂಪೂರ್ಣ ಆಹಾರ. ಟಾರಿನ್, ವಿಟಮಿನ್ ಎ ಎಲ್ಲಾ ಲೆಕ್ಕ ಹಾಕಿ ಸೇರಿಸಿರತಾರ. ಅದನ್ನೇ ತಿಂದು ಮುಪ್ಪಿನ ತನಕ ಆರಾಮ ಇರೋ ಬೆಕ್ಕು ಬೇಕಾದಷ್ಟು. ಡ್ರೈ ತಿಂದ್ರ ಕಿಡ್ನಿ ಹೋಗೇ ಹೋಗತೈತಿ ಅನ್ನಾಕ ಗಟ್ಟಿ ಪುರಾವೆ ಇಲ್ಲ. ವೆಟ್ ಫುಡ್ಡಿಗೂ ಅದರದೇ ತೊಂದರೆ: ನಮ್ಮ ಮೇ ತಿಂಗಳ ಬಿಸಿಲಿಗೆ ಒಂದೆರಡು ತಾಸಿನಾಗ ಕೆಡತೈತಿ.

ಆದ್ರ ಒಮ್ಮೆ ಮೂತ್ರಕೋಶದ ಉರಿ ಬಂದ ಬೆಕ್ಕಿನ ವಿಷಯದಾಗ ಪುರಾವೆ ನೀರಿನ ಕಡೆಗೇ ಐತಿ. ಅಮೆರಿಕದ ಪಶುವೈದ್ಯರ ಪತ್ರಿಕೆಯೊಳಗ 1999ರಾಗ ಬಂದ ಒಂದು ಅಧ್ಯಯನದಾಗ ಹಿಂತಾ ಬೆಕ್ಕುಗಳನ್ನ ಒಂದು ವರ್ಷ ನೋಡಿದ್ರು. ಹಸಿ ಆಹಾರ ತಿಂದವುಗಳಲ್ಲಿ ಶೇ. 11ಕ್ಕೆ ತೊಂದರೆ ಮತ್ತ ಬಂತು, ಅದೇ ನಮೂನಿ ಒಣ ಆಹಾರ ತಿಂದವುಗಳಲ್ಲಿ ಶೇ. 39ಕ್ಕೆ. ಸಣ್ಣ ಅಧ್ಯಯನ, ಐವತ್ತು ಚಿಲ್ಲರೆ ಬೆಕ್ಕು ಅಷ್ಟೇ. ಆದ್ರ ನಿಮ್ಮ ಮನಿ ಬೆಕ್ಕು ಒಂದೇ ಒಂದು ಐತಿ, ಅದನ್ನ ಯಾವ ಗುಂಪಿನಾಗ ಇಡತೀರಿ?

6/7

ರೊಕ್ಕದ ಮಾತಿಗೆ ಬರೂನು, ಯಾಕಂದ್ರ ನಿಮ್ಮ ನಿಜವಾದ ಪ್ರಶ್ನೆ ಅದೇ.

ನಾನು ತರೋ ರೇಟಿನಾಗ ಡ್ರೈ ದಿನಕ್ಕ 18 ರೂಪಾಯಿ, ತಿಂಗಳಿಗೆ 540. ಪೂರ್ತಿ ವೆಟ್ ಹಾಕಿದ್ರ ದಿನಕ್ಕ ಮೂರು ಪೌಚ್, 135 ರೂಪಾಯಿ, ತಿಂಗಳಿಗೆ 4,050. ನಮ್ಮ ಮನಿಯಾಗ ಆಗೋ ಮಾತಲ್ಲ. ಆಗೋರು ಹಾಕ್ರಿ, ಹೊಟ್ಟಿಕಿಚ್ಚಿಲ್ಲ.

ಆದ್ರ ನೋಡ್ರಿ: ಪೌಚ್‌ನಾಗ ನಾವು ರೊಕ್ಕ ಕೊಟ್ಟು ತರೋದರಾಗ ಮುಕ್ಕಾಲು ಪಾಲು ನೀರು. ಆ ನೀರು ನಮ್ಮ ಕೊಡದಾಗೂ ಐತಿ. 50 ಗ್ರಾಂ ಡ್ರೈ ಫುಡ್ಡಿಗೆ 100 ಮಿಲಿ ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿದ್ರ, ಆ ಬಟ್ಟಲದಾಗ ಸುಮಾರು ಶೇ. 69 ನೀರು. ಖರ್ಚು? ಸೊನ್ನೆ.

ಗುಂಡ್ಯಾನ ಈಗಿನ ಪದ್ಧತಿ: ಎರಡು ಹೊತ್ತು ನೆನೆಸಿದ ಡ್ರೈ, ಎರಡು ದಿನಕ್ಕೊಂದು ಪೌಚ್. ಪೌಚ್ ಹಾಕೋ ದಿನ ಡ್ರೈ ಅಷ್ಟು ಕಮ್ಮಿ. ತಿಂಗಳಿಗೆ 1,150ರ ಒಳಗ. ಅವ್ವಗ ಪೌಚ್ ವಾಸನಿ ಆಗಿಬರಂಗಿಲ್ಲ, ನಮ್ಮದು ಮಾಂಸ ಮುಟ್ಟದ ಮನಿ. ಒಪ್ಪಂದ ಏನಂದ್ರ ಪೌಚ್ ಹಿತ್ತಲದಾಗೇ ಒಡೀಬೇಕು, ಬಟ್ಟಲ ನಾನೇ ತಿಕ್ಕಬೇಕು. ತಿಕ್ಕತೀನಿ.

ಮೊದಲ ದಿನ ನೀರು ಹಾಕಿದ ಬಟ್ಟಲ ಕಂಡು ಅವನು ನನ್ನನ್ನ ಸಾಲಗಾರನಂಗ ನೋಡಿದ. ಒಂದು ಚಮಚದಿಂದ ಶುರು ಮಾಡಿ, ಹತ್ತು ಹನ್ನೆರಡು ದಿನದಾಗ ಹೆಚ್ಚಿಸಿದೆ. ಹಠಕ್ಕ ಬಿದ್ದು ಉಪವಾಸ ಕೆಡವಬ್ಯಾಡ್ರಿ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ರ ಲಿವರ್ ಕೆಡತೈತಿ. ನೆನೆಸಿದ್ದನ್ನ ಒಂದೆರಡು ತಾಸಿನ ಮ್ಯಾಲ ಇಡಬ್ಯಾಡ್ರಿ. ರುಚಿಗಂತ ಸಾರು ಹಾಕಬ್ಯಾಡ್ರಿ: ನಮ್ಮ ಹೊಲದ ಉಳ್ಳಾಗಡ್ಡಿ, ಬಳ್ಳೊಳ್ಳಿ ನಮಗ ಅಮೃತ, ಬೆಕ್ಕಿಗೆ ವಿಷ. ಅಗಲ ಬಾಯಿಯ ನೀರಿನ ಬಟ್ಟಲ ಮನಿಯಾಗ ಎರಡು ಮೂರು ಕಡೆ ಇಡ್ರಿ, ಟ್ರೇದಿಂದ ದೂರ.

7/7

ಕೊನೇ ಫೋಟೋ ಗದಗಿನ ಬಿಲ್ಲು. ಮೂರು ದಿನದ್ದು, ಬಸ್ ಚಾರ್ಜ್ ಬಿಟ್ಟು, 5,200 ರೂಪಾಯಿ. ಪರೀಕ್ಷಾ ಫೀಸಿಗಂತ ಕೂಡಿಸಿಟ್ಟ ರೊಕ್ಕ. ನಾನು "ಉಳಿಸಿದ್ದು" ಏನು, ನೀವೇ ಹೇಳ್ರಿ.

ಇದನ್ನ ಓದಿ ಮರೆತ್ರೂ ಒಂದು ಮಾತು ನೆನಪಿಡ್ರಿ. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಕುಂತು, ತಿಣುಕಿ, ಕೂಗಿ, ಏನೂ ಬರದಿದ್ರ ಅದು ಮಲಬದ್ಧತೆ ಅಂತ ಮನಿಯಾಗ ತೀರ್ಮಾನ ಮಾಡಬ್ಯಾಡ್ರಿ. ಔಡಲೆಣ್ಣಿ ಕುಡಿಸಬ್ಯಾಡ್ರಿ. ಬೆಳಗಾಗಲಿ ಅನಬ್ಯಾಡ್ರಿ. ಒಂದೆರಡು ದಿನದಾಗ ಜೀವ ಹೋಗತೈತಿ. ಅವತ್ತೇ, ಆ ತಾಸೇ ಪಶುವೈದ್ಯರ ಹತ್ರ ಒಯ್ಯಿರಿ. ಆಗ ಡ್ರೈ ಹೆಚ್ಚೋ ವೆಟ್ ಹೆಚ್ಚೋ ಅಂತ ಯಾರ ಕೂಡಾನೂ ವಾದ ಮಾಡೋದು ಬ್ಯಾಡ.

ವಾದ ಈಗ ಮಾಡೂನು, ಬೆಕ್ಕು ಆರಾಮ ಇದ್ದಾಗ. ಡ್ರೈ ಹಾಕ್ರಿ, ವೆಟ್ ಹಾಕ್ರಿ, ಎರಡೂ ಹಾಕ್ರಿ. ಇವತ್ತು ರಾತ್ರಿ ಬಟ್ಟಲದ ಮುಂದ ಕುಂತು ಒಂದೇ ಪ್ರಶ್ನೆ ಕೇಳಿಕೊಳ್ರಿ: ಇದರಾಗ ನೀರೆಷ್ಟು?

ಮನಿಯಾಗ ಗಂಡು ಬೆಕ್ಕು ಇರೋ ದೋಸ್ತಗ ಇದನ್ನ ಕಳಿಸ್ರಿ. ಲೈಕ್ ಮಾಡದಿದ್ರೂ ನಡೀತೈತಿ.

#ನರೇಗಲ್ #ಗುಂಡ್ಯಾ #ಬೆಕ್ಕಿನಲೆಕ್ಕ #ಗದಗಜಿಲ್ಲೆ